ಮೆತ್ತಗಿನ ಜಾಗ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ಏಳನೇ ಕುರ್ಚಿ. ಮೈಯಲ್ಲಿ ನೀರು ನಿಂತು ತೂಕ ಎರಡು ಕಿಲೋ ಮುನ್ನೂರು ಜಾಸ್ತಿ. ನಿನ್ನೆ ಚರ್ಚ್ ಊಟದಲ್ಲಿ ಐಸ್ ಚೂರು ಬಿಟ್ಟು ಏನೂ ಮುಟ್ಟಿಲ್ಲ ಅಂದೆ. ಮಾರ್ಸಿ ನಂಬಿದ ಹಾಗೆ ಮಾಡಿದಳು. ಈ ಡಯಾಲಿಸಿಸ್ ಸೆಂಟರಿನಲ್ಲಿ ಸೂಜಿ ಹಾಕಲು ಬರುವವಳು ಅವಳೊಬ್ಬಳೇ. ಉಳಿದವರು ಮೂಟೆ ಹೊಲಿಯುವವರು.

ಎಡಗೈಯಲ್ಲಿ ಎರಡು ಸೂಜಿ. ಒಂದರಲ್ಲಿ ರಕ್ತ ಮೆಷಿನ್ನಿಗೆ ಹೋಗುತ್ತದೆ, ಇನ್ನೊಂದರಲ್ಲಿ ತೊಳೆದು ವಾಪಸ್ ಬರುತ್ತದೆ. ನಾಲ್ಕು ಗಂಟೆ ಆ ಕೈ ಅಲುಗಿಸುವಂತಿಲ್ಲ. ಟಿವಿ ಕೆಟ್ಟು ತಿಂಗಳಾಯಿತು. ಬಲಗೈ ಖಾಲಿ, ಅದಕ್ಕೇ ಈ ನೋಟ್‌ಬುಕ್. ಯಾರಾದರೂ ಓದಿದರೆ ಅವರ ಹಣೆಬರಹ.

ಮೂರು ವರ್ಷದ ಹಿಂದೆ ಡಾಕ್ಟರು ಧಮನಿಗೆ ಸಿರೆ ಸೇರಿಸಿ ಹೊಲಿದ ಕೈ ಇದು. ಫಿಸ್ಟುಲಾ. ಬೆರಳಿಟ್ಟರೆ ಒಳಗೆ ಗುರ್‌ಗುರ್... ಈ ಸ್ಯಾಗಿನಾ ಊರಲ್ಲಿ ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದವಳು ನಾನು. ನಿಂತ ಬಸ್ಸಿನ ಎಂಜಿನ್ ಹೀಗೇ ಕೈಗೆ ತಾಗುತ್ತಿತ್ತು. ಬಲಗೈಯದು ಆರೇ ತಿಂಗಳಿಗೆ ಮುಚ್ಚಿಹೋಯಿತು. ಉಳಿದಿರುವುದು ಇದೊಂದೇ. ಇದೂ ಹೋದರೆ ರಕ್ತ ಹೋಗಿಬರಲು ಎದೆಯಿಂದ ಎರಡು ಟ್ಯೂಬ್ ನೇತಾಡುತ್ತವೆ, ಎಂಟನೇ ಕುರ್ಚಿಯ ಟಲ್ಲಿ ಮುದುಕನಿಗೆ ನೇತಾಡುವ ಹಾಗೆ. ನೀರು ತಾಗಿಸುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಬದುಕಬೇಕು. ಮೊದಲು ನಾಲ್ಕು ತಿಂಗಳು ಹಾಗೆ ಇದ್ದೆ. ಇನ್ನೊಮ್ಮೆ ಆಗುವುದಿಲ್ಲ.

ಮಾರ್ಸಿ ನನ್ನ ಮೆತ್ತಗಿನ ಜಾಗಕ್ಕೇ ಹಾಕುತ್ತಾಳೆ. ಮೊಣಕೈ ಕೆಳಗೆ, ಸ್ವಲ್ಪ ಉಬ್ಬಿದೆ. ಮೂರು ವರ್ಷದಿಂದ ಅಲ್ಲೇ. ನೋವಿಲ್ಲ.

ಮಾರ್ಚ್ 5, ಬುಧವಾರ

ಮಾರ್ಸಿಗೆ ರಜೆ. ಬಂದವನು ಹೊಸಬ — ಎಬೆನೀಜರ್. ಘಾನಾದವನಂತೆ. ಉದ್ದಕ್ಕೆ ಕಂಬದ ಹಾಗೆ ನಿಂತು ನನ್ನ ಕೈಯನ್ನು ಐದು ನಿಮಿಷ ನೋಡಿದ. ಒತ್ತಿದ. ಕಿವಿಗೆ ಸ್ಟೆತಾಸ್ಕೋಪ್ ಹಾಕಿ ಕೇಳಿದ.

"ಏನಪ್ಪಾ, ರೇಡಿಯೋ ಹಚ್ಚಿದೀಯಾ? ಹಾಕು ಬೇಗ. ಇಲ್ಲೇ."

"ಇಲ್ಲಿ ಹಾಕಲ್ಲ, ಮಿಸ್ ವರ್ಲೀನ್. ಚರ್ಮ ನೋಡಿ, ಈರುಳ್ಳಿ ಸಿಪ್ಪೆ ಥರ ಆಗಿದೆ. ಒಂದೇ ಕಡೆ ಚುಚ್ಚಿ ಚುಚ್ಚಿ ನರ ಸೋತಿದೆ. ಸ್ವಲ್ಪ ಮೇಲೆ ಹೋಗೋಣ, ಪ್ರತಿ ಸಲ ಬೇರೆ ಜಾಗ."

"ಕೈ ನಿಂದಾ ನಂದಾ?"

"ನಿಮ್ದೇ. ಅದಕ್ಕೇ ಹೇಳ್ತಿರೋದು."

ಮೇಲೆ ಹಾಕಿದ. ಜೀವ ಹೋಯಿತು. ಮೊಳೆ ಹೊಡೆದ ಹಾಗೆ. ಟಲ್ಲಿ ಪಕ್ಕದಲ್ಲಿ ನಗುತ್ತಿದ್ದ. ಅವನಿಗೂ ಒಂದಿಷ್ಟು ಬೈದೆ.

ಹೊರಡುವಾಗ ಎಬೆನೀಜರ್ ನನ್ನ ಅಂಗೈಗೆ ಸೋಡಾ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ಇಟ್ಟ. "ಜೇಬಲ್ಲಿ ಇಟ್ಕೊಳ್ಳಿ. ಮನೇಲಿ ಅಲ್ಲಿಂದ ರಕ್ತ ಚಿಮ್ಮಿದ್ರೆ ಟವೆಲ್ ಸುತ್ಬೇಡಿ. ಇದನ್ನ ಬೋರಲು ಹಾಕಿ ಗಟ್ಟಿಯಾಗಿ ಒತ್ತಿ ಹಿಡೀರಿ, 911ಗೆ ಫೋನ್ ಮಾಡಿ."

ಅರವತ್ಮೂರು ವರ್ಷದವಳಿಗೆ ಆಟದ ಸಾಮಾನು ಕೊಡುತ್ತಾನೆ. ಮನೆಗೆ ಬಂದು ಏಪ್ರನ್ ಜೇಬಿಗೆ ತುರುಕಿದೆ, ಅವನ ಮುಖಕ್ಕೆ ಎಸೆಯಲಿಲ್ಲ, ಅದೇ ಹೆಚ್ಚು.

ಮಾರ್ಚ್ 7, ಶುಕ್ರವಾರ

ಮತ್ತೆ ಕಂಬ ಬಂತು. ಕೈ ಕೊಡಲಿಲ್ಲ. ಮಾರ್ಸಿ ಒಂಬತ್ತಕ್ಕೆ ಬರುವವರೆಗೆ ಕೂತೆ. ಎರಡು ಗಂಟೆ ಡಯಾಲಿಸಿಸ್ ಹೋಯಿತು. ಹೋಗಲಿ. ಸಂಜೆ ಕಾಲು ಊದಿ ಶೂ ಹಿಡಿಸಲಿಲ್ಲ. ಅದೂ ಹೋಗಲಿ.

ಮಾರ್ಚ್ 19, ಬುಧವಾರ

ಮಾರ್ಸಿ ಇಲ್ಲ. ಮ್ಯಾನೇಜರ್ ಬಂದು, ಎಬೆನೀಜರ್ ಕೈಲಿ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಮನೆಗೆ ಹೋಗಿ ಅಂದಳು. ಹಾಕಿಸಿಕೊಂಡೆ. ಸೂಜಿ ನರ ದಾಟಿ ಆಚೆ ಹೋಯಿತು. ಪಂಪ್ ಶುರುವಾಗಿದ್ದೇ ತಡ, ಮುಂಗೈ ಬನ್ ಥರ ಊದಿತು. ಈಗ ನೇರಳೆ ಬಣ್ಣ. ಬೆರಳಿಂದ ಭುಜದವರೆಗೆ.

"ನನ್ನ ತಪ್ಪು, ಮಿಸ್ ವರ್ಲೀನ್" ಅಂದ. ಎರಡೂ ಕೈ ಹಿಂದೆ ಕಟ್ಟಿಕೊಂಡು.

ತಪ್ಪಂತೆ! ದೂರು ಬರೆದು ಕೊಟ್ಟೆ, ಒಂದು ಪುಟ. ಬಲಗೈಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಇನ್ನು ಅವನನ್ನು ನನ್ನ ಕುರ್ಚಿಗೆ ಹಾಕುವುದಿಲ್ಲವಂತೆ.

ಮಾರ್ಚ್ 31, ಸೋಮವಾರ

ಮಾರ್ಸಿ. ಮೆತ್ತಗಿನ ಜಾಗ. ಸ್ವರ್ಗ.

ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ನಲವತ್ತು ನಿಮಿಷ. ಮೊದಲು ಹತ್ತು ಸಾಕಿತ್ತು. ಉಬ್ಬು ಕೋಳಿಮೊಟ್ಟೆಯಷ್ಟಾಗಿದೆ, ಮೇಲೆ ಚರ್ಮ ಮಿರಮಿರ ಹೊಳೆಯುತ್ತದೆ. ಕೇಳಿದೆ.

"ಏನೂ ಆಗಲ್ಲ, ಮಿಸ್ ವರ್ಲೀನ್" ಅಂದಳು. ನನ್ನ ಮುಖ ನೋಡಲಿಲ್ಲ.

ಟಲ್ಲಿ ಕಣ್ಣು ಮುಚ್ಚಿಕೊಂಡೇ ಗೊಣಗಿದ: "ನನಗೂ ಹಾಗೇ ಅಂದಿದ್ಳು."

"ನಿನ್ನ ಕೆಲಸ ನೋಡ್ಕೋ, ಮುದುಕಾ."

ಚರ್ಚಿಗೆ ಉದ್ದ ತೋಳಿನ ಬ್ಲೌಸ್ ಹಾಕುತ್ತಿದ್ದೇನೆ.

ಏಪ್ರಿಲ್ 12, ಶನಿವಾರ. ಆಸ್ಪತ್ರೆ

ಬದುಕಿದ್ದೇನೆ. ಬರೆದಿಡಬೇಕು.

ಗುರುವಾರ ಬೆಳಿಗ್ಗೆ ಪಾತ್ರೆ ಒರೆಸುತ್ತಿದ್ದೆ. ಉಬ್ಬಿನ ಮೇಲೆ ಒಂದು ಹಕ್ಕಳೆ ಇತ್ತು, ಟವೆಲಿಗೆ ಸಿಕ್ಕಿ ಕಿತ್ತುಬಂತು. ಅಷ್ಟೇ. ರಕ್ತ ಕಪಾಟಿನ ಬಾಗಿಲಿಗೆ ಚಿಮ್ಮಿತು, ಕಿಟಕಿ ಪರದೆಗೆ ಚಿಮ್ಮಿತು. ಅದೇ ಟವೆಲ್ ಒತ್ತಿದೆ, ಎರಡು ಉಸಿರಲ್ಲಿ ತೊಯ್ದುಹೋಯಿತು. ನೆಲ ಜಾರಿ ಕೂತುಬಿಟ್ಟೆ. ಕಾರ್ಪೆಟ್ ಹಾಳಾಗುತ್ತದೆ ಅಂತ ಯೋಚನೆ ಬಂತು, ನಮ್ಮ ಅಡುಗೆಮನೆಯಲ್ಲಿ ಕಾರ್ಪೆಟ್ಟೇ ಇಲ್ಲ. ಏಪ್ರನ್ ಜೇಬಿನಲ್ಲಿ ಏನೋ ತೊಡೆಗೆ ಚುಚ್ಚಿತು.

ಮುಚ್ಚಳ.

ಬೋರಲು ಹಾಕಿದೆ. ಹೆಬ್ಬೆರಳಿಂದ ಒತ್ತಿದೆ. ನಿಂತಿತು. ಫೋನನ್ನು ಮೂಗಿನಿಂದ ಒತ್ತಿ 911 ಹಚ್ಚಿದೆ. ಆಂಬುಲೆನ್ಸ್ ಹುಡುಗಿ ಬಂದು, "ಯಾರು ಹೇಳ್ಕೊಟ್ರು ನಿಮಗೆ ಇದನ್ನ?" ಅಂತ ಕೇಳಿದಳು. ಆ ಕಂಬದ ಹೆಸರು ಹೇಳಲು ಹೊಟ್ಟೆ ಉರಿಯಿತು.

ಸರ್ಜನ್ ಕೆಟ್ಟ ತುಂಡು ಕತ್ತರಿಸಿ ತೇಪೆ ಹಾಕಿದ್ದಾರೆ. "ಮೇಲುಗಡೆ ನಾಲ್ಕು ಬೆರಳಗಲ ಒಳ್ಳೇ ನರ ಉಳಿದಿದೆ. ಅಷ್ಟೇ. ಅದನ್ನೂ ಒಂದೇ ಕಡೆ ಚುಚ್ಚಿಸ್ಕೊಂಡ್ರೆ ನನ್ನ ಹತ್ರ ಬರ್ಬೇಡಿ, ನನ್ನ ಹತ್ರ ಏನೂ ಇರಲ್ಲ." ಗಾಯ ಮಾಯುವವರೆಗೆ ನಾಲ್ಕು ವಾರ ಎದೆಗೆ ಟ್ಯೂಬ್.

ನೇತಾಡುತ್ತಿವೆ. ಎರಡು. ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ನೀಲಿ.

ಏಪ್ರಿಲ್ 28, ಸೋಮವಾರ

ಹದಿನೆಂಟು ದಿನ ಸ್ನಾನ ಇಲ್ಲ. ನನ್ನ ವಾಸನೆ ನನಗೇ ಬರುತ್ತದೆ.

ಮಾರ್ಸಿ ಕುರ್ಚಿ ಪಕ್ಕ ನಿಂತು ಅತ್ತಳು. ಅಳಲಿ ಅಂತ ಬಿಟ್ಟೆ. ಆಮೇಲೆ ಕೇಳಿದೆ.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ಯಾಕೆ ಅಲ್ಲೇ ಹಾಕ್ತಿದ್ದೆ?"

"ಬೇರೆ ಕಡೆ ಹಾಕಿದ್ರೆ ನೀವು ಕಿರುಚ್ತಿದ್ರಿ. ಅಲ್ಲಿ ಹಾಕಿದ್ರೆ, ಮಾರ್ಸಿ ನೀನೊಬ್ಳೇ ನನ್ನ ಬಂಗಾರ ಅಂತಿದ್ರಿ. ನಂಗೆ ಅದು ಬೇಕಾಗಿತ್ತು, ಮಿಸ್ ವರ್ಲೀನ್."

ನಾನೇ ಹೇಳಿಕೊಟ್ಟ ಪಾಠ ಅದು. ಆದರೂ ಅವಳ ಮೇಲೆ ಸಿಟ್ಟಿದೆ, ಇರುತ್ತದೆ. ಟಲ್ಲಿ ಮೇಲೂ ಸಿಟ್ಟು.

"ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

ತನ್ನ ಎದೆ ಟ್ಯೂಬನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. "ಎರಡು ವರ್ಷದಿಂದ ನಿನ್ನ ಪಕ್ಕದಲ್ಲೇ ಕೂತಿದೀನಿ, ವರ್ಲೀನ್. ನೋಡೋಕೆ ಕಣ್ಣಿರ್ಲಿಲ್ವಾ?"

ಅತಿ ಹೆಚ್ಚು ಸಿಟ್ಟು ಎಬೆನೀಜರ್ ಮೇಲೆ. ಅವನು ಹೇಳಿದ್ದು ಸರಿಯಾಗಿತ್ತು. ಅದನ್ನು ಹೇಗೆ ಕ್ಷಮಿಸುವುದು?

ಏಪ್ರಿಲ್ 30, ಬುಧವಾರ

ಉಳಿದ ನಾಲ್ಕು ಬೆರಳಗಲ ಯಾರಿಗೆ ಕೊಡಲಿ? ಅಳುವವಳಿಗೆ ಕೊಡುವುದಿಲ್ಲ. ನನ್ನ ಕೈ ನೇರಳೆ ಮಾಡಿದವನಿಗೂ ಕೊಡುವುದಿಲ್ಲ. ನನ್ನ ಬಸ್ಸಿನ ಸೀಟಿನಲ್ಲಿ ಬೇರೆ ಡ್ರೈವರ್ ಕೂರಲು ಬಿಟ್ಟವಳಲ್ಲ ನಾನು.

ಕಂಬವನ್ನು ಕರೆದೆ. "ತಮ್ಮ ಸೂಜಿ ತಾವೇ ಹಾಕ್ಕೊಳ್ಳೋರು ಇದಾರಂತಲ್ಲ. ಹೇಳ್ಕೊಡು."

ನಗಲಿಲ್ಲ ಪುಣ್ಯಾತ್ಮ. "ದೂರು ವಾಪಸ್ ತಗೋತೀರಾ?"

"ಇಲ್ಲ."

"ಸರಿ. ಶುಕ್ರವಾರದಿಂದ ಶುರು ಮಾಡೋಣ."

ಮೇ 9, ಶುಕ್ರವಾರ

ರಬ್ಬರ್ ಕೈ ಮೇಲೆ ನಾಲ್ಕನೇ ಪಾಠ. ನರ ದಾಟಿಸಿ ಆಚೆ ಚುಚ್ಚಿದೆ, ಆರು ಸಲ. ಅವನು ಒಂದು ಸಲ ಮಾಡಿದ್ದಕ್ಕೆ ಒಂದು ಪುಟ ಬರೆದಿದ್ದೆ.

"ಕೋನ ಕಡಿಮೆ ಮಾಡಿ. ರಕ್ತ ಕಂಡ ತಕ್ಷಣ ಸೂಜಿ ಮಲಗಿಸಿ. ದೂಡ್ಬೇಡಿ."

"ಕ್ಲಚ್ ಬಿಟ್ಟ ಹಾಗಾ?"

"ನಂಗೆ ಡ್ರೈವಿಂಗ್ ಬರಲ್ಲ, ಮಿಸ್ ವರ್ಲೀನ್. ಬಸ್ಸಲ್ಲೇ ಓಡಾಡೋದು."

ಏಳನೆಯದು ಕೂತಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಒಳ್ಳೆಯದಾಯಿತು.

ಮೇ 12, ಸೋಮವಾರ. ಬೆಳಿಗ್ಗೆ 6.50

ಇವತ್ತು ನನ್ನ ಕೈ. ತೋಳಿಗೆ ಪಟ್ಟಿ ಕಟ್ಟಿಯಾಯಿತು. ನಾಲ್ಕು ಬೆರಳಗಲದಲ್ಲಿ ಎರಡು ಚುಕ್ಕೆ ಪೆನ್ನಿನಲ್ಲಿ ಗುರುತು ಮಾಡಿದ್ದೇನೆ, ಬುಧವಾರ ಅವುಗಳ ಪಕ್ಕ. ತೇಪೆ ಹಾಕಿದ ಜಾಗ ಗಟ್ಟಿಯಾಗಿ ಸುಮ್ಮನೆ ಬಿದ್ದಿದೆ. ಅದನ್ನು ಕಂಡರೆ ಈಗಲೂ ಅಲ್ಲೇ ಹಾಕೋಣ ಅನ್ನಿಸುತ್ತದೆ. ಎಷ್ಟು ನಾಚಿಕೆಗೆಟ್ಟ ಕೈ.

ಟಲ್ಲಿ ಕಣ್ಣು ಬಿಟ್ಟುಕೊಂಡಿದ್ದಾನೆ. ಮಾರ್ಸಿ ದೂರದಿಂದ ನೋಡುತ್ತಿದ್ದಾಳೆ. ಎಬೆನೀಜರ್ ಪಕ್ಕದಲ್ಲಿ, ಕೈ ಹಿಂದೆ ಕಟ್ಟಿಕೊಂಡು. ಮುಟ್ಟಬೇಡ ಅಂದಿದ್ದೇನೆ. ಮುಟ್ಟುವುದಿಲ್ಲ ಅಂದಿದ್ದಾನೆ.

ಹೆದರಿಕೆ ಆಗುತ್ತಿದೆ. ಇಲ್ಲಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ ಬರೆದೆ.

"ಬರೆದಿದ್ದು ಸಾಕು, ಮಿಸ್ ವರ್ಲೀನ್. ಸೂಜಿಗೂ ಆ ಕೈಯೇ ಬೇಕು."

ಸಾಕೋ ಬೇಕೋ ನಾನು ಹೇಳುತ್ತೇನೆ. ಬೆರಳಿಟ್ಟು ನೋಡಿದೆ. ಎಂಜಿನ್ ಓಡುತ್ತಿದೆ. ಸರಿ, ಈಗ ಪೆನ್ನು