ಎಡೆಗೆ ಬಂದ ಉಂಡೆ

21 ಸೆಪ್ಟೆಂಬರ್ 2025, ಭಾನುವಾರ. ಮಹಾಲಯ ಅಮಾವಾಸ್ಯೆ.

ಕರಿಯಕ್ಕನಿಗೆ ಹೇಗೆ ಗೊತ್ತು?

ನಮ್ಮನೆಯವರು ಹೋದ ಮೇಲೆ ಇದೇ ಮೊದಲ ಎಡೆ. ಹೊಸ ಪಂಚೆ, ಮುದ್ದೆ, ಬಾಡಿನ ಸಾರು, ಬೀಡಿ ಕಟ್ಟು, ಇಷ್ಟವಾದದ್ದನ್ನೆಲ್ಲ ಫೋಟೊ ಮುಂದೆ ಇಟ್ಟಿದ್ದೆ. ಅಷ್ಟರಲ್ಲಿ ಕರಿಯಕ್ಕ ಬಂದಳು. ಬಲಸಮುದ್ರದ ಸೋಲಾರ್ ಪಾರ್ಕ್‌ನಲ್ಲಿ ಇವರು ವಾಚ್‌ಮನ್ ಆಗಿದ್ದಾಗ ಅಲ್ಲಿ ಪ್ಯಾನೆಲ್ ತೊಳೆಯುತ್ತಿದ್ದವಳು. ಸೆರಗಿನಡಿಯಿಂದ ಒಂದು ಡಬ್ಬಿ ತೆಗೆದಳು. ಕಡಲೆಬೀಜದ ಉಂಡೆ.

“ಅಣ್ಣಂಗೆ ಇದಂದ್ರೆ ಪ್ರಾಣ ಕಣಕ್ಕ. ಎಡೆಗೆ ಇಟ್ಬುಡು.”

ಅಣ್ಣನಂತೆ! “ನಂಗೆ ಸಿಹಿ ಸೇರಕ್ಕಿಲ್ಲ” ಅಂತ ನನ್ನ ಒಬ್ಬಟ್ಟನ್ನು ವರ್ಷವರ್ಷವೂ ದೂಡಿದ ಮನುಷ್ಯ ಇವರು. ನೆಂಟರ ಮುಂದೆ ಬೇಡ ಅನ್ನಲಾಗದೆ ಇಟ್ಟೆ. ಅದೂ ಮೂಲೆಗೆ.

ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂತೆವು. ಅವಳು ಕಣ್ಣೊರೆಸಿಕೊಂಡಳು. ಕೇಳಿದರೆ, “ಸಾಂಬ್ರಾಣಿ ಹೊಗೆ ಕಣಕ್ಕ” ಅಂದಳು. ಹೊರಗೆ ಎಲ್ಲಿತ್ತು ಹೊಗೆ?

ಬಾಗಿಲು ತೆಗೆದರೆ ಮುದ್ದೆ, ಸಾರು ಹಾಗೇ ಇದ್ದವು. ಉಂಡೆಗೆ ಮಾತ್ರ ಇರುವೆ ಮುತ್ತಿದ್ದವು. ಸಿಹಿ ಇದ್ದಲ್ಲಿಗೆ ಇರುವೆ ಬಂದೇ ಬರುತ್ತವೆ, ಗೊತ್ತು. ಆದರೂ.

ಈಗ ಇರುವೆ ಕೊಡವಿ ಒಂದು ತಿಂದೆ. ಚೆನ್ನಾಗಿದೆ, ಹಾಳಾದ್ದು.

ನಾಳೆ ಡಬ್ಬಿ ವಾಪಸು ಕೊಡುವ ನೆಪದಲ್ಲಿ ಹೋಗಿ, ಬೆಲ್ಲ ಎಷ್ಟು ಹಾಕುತ್ತಾಳೆ ಅಂತ ಕೇಳಬೇಕು. ಕೇಳುವಾಗ ಅವಳ ಮುಖ ನೋಡಬೇಕು.