ಶಾಫ್ಟ್ ಖಾಲಿ ಇದೆ

ಅಪ್ಪ,

ಇವತ್ತು ಚಿನ್ನದ ಗಣಿಯ ಊರು ಉರಿಗಾಂಗೆ ಹೋಗಿದ್ದೆ. ನಿನ್ನನ್ನು ನೋಡುವುದಕ್ಕಲ್ಲ, ಕೇಸಿಗೆ. ಕಂಪನಿಗಳ ಜಗಳದಲ್ಲಿ ವಾದಿಸುವ ಲಾಯರಾಗಿದ್ದೇನೆ ನಾನು. ನನ್ನ ಕಕ್ಷಿದಾರರು ಗಣಿಯ ಒಂದು ಹಳೆಯ ಶಾಫ್ಟನ್ನು, ಆಳುಗಳು ಇಳಿಯುತ್ತಿದ್ದ ಬಾವಿಯನ್ನು, ಇನ್ನೊಂದು ಕಂಪನಿಗೆ ವಹಿಸಿಕೊಡುತ್ತಿದ್ದಾರೆ. ಕರಾರಿನಂತೆ ಅದು ಖಾಲಿ ಇದೆ ಎಂದು ಸಾಧಿಸುವುದು ನನ್ನ ಕೆಲಸ. ನೀನು ಇಳಿದು, ಮತ್ತೆ ಮೇಲೆ ಬಾರದ ಶಾಫ್ಟ್ ಅದೇ.

"ಒಳಗೆ ಯಾರೂ ಇಲ್ಲ, ಏನೂ ಇಲ್ಲ" ಎಂದು ಎದುರು ಪಾರ್ಟಿಯ ವಕೀಲರಿಗೆ ತೋರಿಸುತ್ತಿದ್ದೆ. ಆಗ ಕೆಳಗಿನಿಂದ ಗಂಟೆ ಹೊಡೆಯಿತು. ಆಳುಗಳು ಮೇಲೆ ಬರುವಾಗ ಹೊಡೆಯುತ್ತಿದ್ದ ಅದೇ ಗಂಟೆ. ವಕೀಲರಿಗೆ ಕೇಳಿಸಲೇ ಇಲ್ಲ. ನಿನ್ನ ಜೊತೆ ದುಡಿದ ವೆಂಕಟರಾಯಪ್ಪ ಮಾವ ಈಗ ಅಲ್ಲಿ ವಾಚ್‌ಮನ್. ಅವರು ಮಾತ್ರ ಥಟ್ಟನೆ ಪಕ್ಕಕ್ಕೆ ಸರಿದರು.

"ದಾರಿ ಬುಡಮ್ಮ, ಆಳು ಮೇಲಕ್ ಬತ್ತಾವ್ರೆ."

ಚಿಕ್ಕವಳಿದ್ದಾಗ ಗಣಿಯ ಬಾಯಲ್ಲಿ ನಿನಗಾಗಿ ಸರಿದು ನಿಲ್ಲುತ್ತಿದ್ದಂತೆಯೇ ಸರಿದು ನಿಂತೆ. ಒದ್ದೆ ಕಲ್ಲಿನ ವಾಸನೆಯ ಬಿಸಿ ಗಾಳಿಯೊಂದು ಕೆನ್ನೆ ಸವರಿತು.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾರಿನಿಂದ ಇಳಿದಾಗಲೂ ಬೆನ್ನ ಹಿಂದೆ ಒದ್ದೆ ಬೂಟಿನ ಸಪ್ಪಳ. ಸಾಕ್ಷಿಗಳಿಗೆ ಪ್ರಶ್ನೆ ಕೇಳಿ ಬೆವರಿಳಿಸುವವಳು ನಾನು. ಒಂದು ಮಾತೂ ಕೇಳಲಿಲ್ಲ, ತಿರುಗಿಯೂ ನೋಡಲಿಲ್ಲ. ಬೆಂಗಳೂರಿಗೆ ಎರಡು ಟಿಕೆಟ್ ತೆಗೆದುಕೊಂಡೆ.

ನಾಳೆ ಜಡ್ಜ್ ಮುಂದೆ ಶಾಫ್ಟ್ ಖಾಲಿ ಇದೆ ಎನ್ನುತ್ತೇನೆ. ನಿನ್ನೆಯವರೆಗೆ ಅದು ಸುಳ್ಳಾಗಿತ್ತು, ಅಪ್ಪ.