ಒಂದೇ ಒಲೆ, ಎರಡು ಪಾತ್ರೆ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ನಮ್ಮ ಮನೆಯ ಆಹಾರ ಮಂತ್ರಿಗಳಾದ ಮಗಳಿಗೆ,

ಅಪ್ಪನ ಆಶೀರ್ವಾದ. ನಿನ್ನ ಪತ್ರ ತಲುಪಿತು. ಕಾಲೇಜಿನಲ್ಲಿ ದೊಡ್ಡ ದೊಡ್ಡ ಮೇಷ್ಟ್ರುಗಳ ಮುಂದೆ ನಿಂತು ಭಾಷಣ ಮಾಡುತ್ತೀಯಂತೆ, ಅದಕ್ಕೆ ನಮ್ಮ ಮನೆಯನ್ನೇ ಉದಾಹರಣೆ ಕೊಡುತ್ತೀಯಂತೆ. ಓದಿ ನನ್ನ ಎದೆ ಎಷ್ಟು ಉಬ್ಬಿತೆಂದರೆ, ನೀನು ಬರೆದುಕೊಟ್ಟ ಪಥ್ಯದ ಪಟ್ಟಿಯ ಊಟ ತಿಂದು ಇಳಿಸಿಕೊಂಡಿದ್ದ ಸುತ್ತಳತೆಯೆಲ್ಲ ಒಂದೇ ಗಳಿಗೆಯಲ್ಲಿ ವಾಪಸು ಬಂತು. ‘ಒಂದು ಮನೆ, ಒಂದು ಊಟ, ಇಬ್ಬರಿಗೂ ಆರೋಗ್ಯ’ ಎಂಬ ಹೆಸರೂ ಚೆನ್ನಾಗಿದೆ. ಅಮ್ಮನ ಆರೋಗ್ಯ ಎಷ್ಟು ಸುಧಾರಿಸಿದೆ ಎಂದು ವಿವರವಾಗಿ ಬರೆಯಲು ಕೇಳಿದ್ದೀಯ. ಅದನ್ನು ಬರೆಯಲೆಂದೇ ಕುಳಿತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅರ್ಧಕ್ಕೆ ನೀನು ಅಳುತ್ತೀಯ, ನಾನು ಜೋಕು ಹೊಡೆದು ಮಾತು ಹಾರಿಸುತ್ತೇನೆ.

ಮೊದಲು ನನ್ನ ಸುದ್ದಿ. ಕಂಪನಿ ಡಾಕ್ಟರು ಕಳೆದ ವಾರ ನನ್ನ ರಕ್ತ ನೋಡಿದರು, ಬಿ.ಪಿ. ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಸಕ್ಕರೆ ಹೀಗೆಯೇ ಏರುತ್ತಿದ್ದರೆ ಕ್ರೇನ್ ಹತ್ತಿಸುವುದಿಲ್ಲ, ಕೆಳಗೆ ಗೇಟಿನಲ್ಲಿ ಕೂರಿಸುತ್ತೇವೆ ಎಂದು ಹೋದ ವರ್ಷ ಗದರಿದ್ದವರು ಇವರೇ. ಈ ಸಲ ಕನ್ನಡಕ ತೆಗೆದು ನನ್ನನ್ನೇ ನೋಡಿ, ಯಾರು ಬರೆದುಕೊಟ್ಟ ಪಥ್ಯ ಇದು ಎಂದು ಕೇಳಿದರು. ಮಗಳು ಎಂದೆ. ಆಹಾರಶಾಸ್ತ್ರ ಇನ್ನೂ ಓದುತ್ತಿದ್ದಾಳೆ ಎಂದೂ ಸೇರಿಸಿದೆ. ಅವರು ತಲೆದೂಗಿದ್ದನ್ನು ನೀನು ನೋಡಬೇಕಿತ್ತು. ಬಂದರಿನ ಅಷ್ಟೆತ್ತರದ ಕ್ಯಾಬಿನ್ನಿನಲ್ಲಿ ನಾನು ಇವತ್ತಿಗೂ ಕುಳಿತಿದ್ದೇನೆ, ಕಂಟೇನರುಗಳನ್ನು ಬೆಂಕಿಪೊಟ್ಟಣದಂತೆ ಎತ್ತಿ ಇಡುತ್ತಿದ್ದೇನೆ ಎಂದರೆ ಅದು ನಿನ್ನ ಪಟ್ಟಿಯಿಂದ. ಕಡಿಮೆ ಉಪ್ಪು, ಅಳತೆಯ ಅನ್ನ, ತಟ್ಟೆಯ ಅರ್ಧ ತರಕಾರಿ, ಸಿಹಿಗೆ ರಜೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಊಟ ಬಲ್ಲ ಮಗಳಿದ್ದರೂ ಸಾಕು ಎಂದು ಈಗ ಗೊತ್ತಾಯಿತು.

ಇನ್ನು ನಿಮ್ಮಮ್ಮ.

ಅವಳು ಈಗ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ನೀನು ಗಾಬರಿಯಿಲ್ಲದೆ ಓದಬೇಕು. ಈ ಕ್ಷಣ ಕಿಟಕಿಯ ಹತ್ತಿರ ಕುಳಿತು ನನ್ನ ಕೆಲಸದ ಅಂಗಿಗೆ ಗುಂಡಿ ಹೊಲಿಯುತ್ತಾ, ಯಾರಿಗೆ ಅಷ್ಟುದ್ದ ಬರೆಯುತ್ತಿದ್ದೀರಿ ಎಂದು ಓರೆಗಣ್ಣಿನಿಂದ ನೋಡುತ್ತಿದ್ದಾಳೆ.

ಹದಿನೈದು ದಿನದ ಹಿಂದೆ ನಾನು ಕ್ರೇನಿನ ಮೇಲಿದ್ದಾಗ ವಾಕಿಟಾಕಿಯಲ್ಲಿ ಕೆಳಗಿನಿಂದ ಕರೆ ಬಂತು. ಲಾಂಡ್ರಿಯ ಯಜಮಾನಮ್ಮ ಬಂದರಿನ ಆಫೀಸಿಗೆ ಫೋನು ಮಾಡಿ, ನಿಮ್ಮಮ್ಮ ಇಸ್ತ್ರಿ ಮಾಡುತ್ತಾ ನಿಂತಲ್ಲೇ ಕುಸಿದಳು ಎಂದು ಹೇಳಿದ್ದರು. ಎತ್ತಿದ್ದ ಕಂಟೇನರನ್ನು ಇಳಿಸಿ, ಆ ಏಣಿಯನ್ನು ಹೇಗೆ ಇಳಿದೆನೋ ನನಗೇ ನೆನಪಿಲ್ಲ. ಲಾಂಡ್ರಿಯ ಹಿಂದಿನ ಕೋಣೆ ನಿನಗೆ ಗೊತ್ತಲ್ಲ, ಬಾಯ್ಲರಿನ ಹಬೆ, ಕಿಟಕಿ ತೆಗೆದರೂ ಬೆವರು ನಿಲ್ಲದ ಜಾಗ. ಅಲ್ಲಿ ಒಗೆದ ಬಿಳಿ ಹಾಸಿಗೆ ಬಟ್ಟೆಗಳ ರಾಶಿಯ ಮೇಲೆ ಮಲಗಿಸಿದ್ದರು. ಯಜಮಾನಮ್ಮ ಕೈ ತಿಕ್ಕುತ್ತಾ ಒಂದು ಮಾತು ಹೇಳಿದರು. ಬೀಳುವ ಮೊದಲು ಇವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಆರಿಸಿ, ಆಮೇಲೆ ಬಿದ್ದಳಂತೆ. ಗಿರಾಕಿಯ ಅಂಗಿಗೆ ಒಂದು ಕಲೆಯೂ ಇಲ್ಲ. ಪ್ರಜ್ಞೆ ತಪ್ಪುವುದನ್ನೂ ಅಚ್ಚುಕಟ್ಟಾಗಿ ಮಾಡುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿ.ಪಿ. ನೋಡಿದರೆ ಅದು ಪಾತಾಳದಲ್ಲಿತ್ತು. ಅವಳದು ಮೊದಲಿನಿಂದಲೂ ಕಡಿಮೆಯೇ. ಏನು ತಿನ್ನುತ್ತೀರಿ ಎಂದು ಅವಳನ್ನು ಕೇಳಿದರು. ನಿಮ್ಮಮ್ಮ ಬಾಯಿ ತೆರೆಯುವಷ್ಟರಲ್ಲಿ ನಾನೇ ನಿನ್ನ ಪಟ್ಟಿಯನ್ನು ಕವಿತೆಯಂತೆ ಒಪ್ಪಿಸಿದೆ, ಹೆಮ್ಮೆಯಿಂದಲೇ. ಡಾಕ್ಟರಮ್ಮ ನನ್ನನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು, ಕಡ್ಡಿಯಂತಿರುವ ಅವಳನ್ನು ನೋಡಿದರು. ಇದು ನಿಮಗೆ ಒಳ್ಳೆಯ ಊಟ, ಇವರಿಗಲ್ಲ ಎಂದರು. ನನ್ನಂಥ ಮೈಗೆ, ಕುಳಿತು ಮಾಡುವ ಕೆಲಸಕ್ಕೆ ಅದು ಸರಿಯಂತೆ. ಹಬೆಯಲ್ಲಿ ನಿಂತು ದಿನವಿಡೀ ಬೆವರು ಸುರಿಸುವ, ಮೊದಲೇ ರಕ್ತದೊತ್ತಡ ಕಡಿಮೆಯಿರುವ ಹೆಂಗಸಿಗೆ ಉಪ್ಪೂ ಬೇಕು, ಹೊಟ್ಟೆ ತುಂಬ ಅನ್ನವೂ ಬೇಕು ಎಂದರು. ತಾಜಾ ತರಕಾರಿ, ಹೊತ್ತಿಗೆ ಸರಿಯಾಗಿ ಊಟ, ಇವು ಇಬ್ಬರಿಗೂ ಒಳ್ಳೆಯದೇ. ಆದರೆ ಎಷ್ಟು, ಏನು ಎಂಬುದನ್ನು ಅವರವರ ಮೈ ನೋಡಿ, ಕೆಲಸ ನೋಡಿಯೇ ಹೇಳಬೇಕು ಎಂದು ಬಿಡಿಸಿ ಹೇಳಿದರು.

ಈಗ ನೀನು ತಲೆ ಮೇಲೆ ಕೈ ಹೊತ್ತು ಕೂತಿರುತ್ತೀಯ. ಬೇಡ. ನೀನು ಪಟ್ಟಿ ಬರೆದದ್ದು ನನಗೆ. ಮೇಲೆ ನನ್ನ ಹೆಸರೇ ಇದೆ. ಅದು ನನ್ನ ಅಳತೆಗೆ ಹೊಲಿದ ಅಂಗಿ. ಅದನ್ನು ತಾನೂ ತೊಟ್ಟುಕೊಂಡವಳು ನಿಮ್ಮಮ್ಮ, ಅದನ್ನು ನೋಡಿ ಎಷ್ಟು ಚೆನ್ನಾಗಿದೆ ಎಂದವನು ನಾನು.

ಅವಳು ಯಾಕೆ ಹಾಗೆ ಮಾಡಿದಳು ಎಂಬುದು ನಿನಗೆ ಗೊತ್ತಿರಲಿ. ನಾನು ಬೆಳೆದ ಮನೆಯಲ್ಲಿ ಗಂಡಸರಿಗೆ ಕೆನೆಹಾಲು, ಹೆಂಗಸರಿಗೆ ನೀರು ಬೆರೆಸಿದ್ದು. ಮದುವೆಯಾಗಿ ಬಂದ ಹೊಸದರಲ್ಲೇ ನಿಮ್ಮಮ್ಮ ಅದನ್ನು ನೋಡಿ, ನಾವು ಬೇರೆ ಮನೆ ಮಾಡಿದ ದಿನ ಒಂದು ಕಾನೂನು ತಂದಳು: ಈ ಮನೆಯಲ್ಲಿ ಎರಡು ಅಡುಗೆ ಇಲ್ಲ, ಒಂದೇ ಪಾತ್ರೆ, ಅದರಲ್ಲಿದ್ದದ್ದು ಎಲ್ಲರಿಗೂ. ನೀನು ಹುಟ್ಟಿದ ಮೇಲೂ ಅಷ್ಟೇ. ನೀನು ಗಂಡು ಹೆಣ್ಣೆಂಬ ಭೇದದ ತುತ್ತನ್ನು ಒಂದು ದಿನವೂ ಉಣ್ಣದೆ ಬೆಳೆದದ್ದು ಆ ಕಾನೂನಿನಿಂದ. ಅದಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಅವಳು. ನನಗೆ ಸಪ್ಪೆ ಊಟ ಬಂದಾಗ ಅವಳ ತಟ್ಟೆಗೂ ಸಪ್ಪೆಯೇ ಬಂತು. ಇನ್ನೊಂದು ಕಾರಣವೂ ಇತ್ತು. ನೀನು ತಿಂದರೆ ಮಾತ್ರ ನಾನೂ ತಿನ್ನುತ್ತೇನೆ ಎಂದು ಅವಳ ಹತ್ತಿರ ಮೊದಲ ದಿನವೇ ಮಗುವಿನಂತೆ ಹಠ ಹಿಡಿದಿದ್ದವನು ನಾನು. ಅವಳು ಬಿಟ್ಟರೆ ನಾನು ಬಿಡುತ್ತೇನೆ, ನಾನು ಬಿಟ್ಟರೆ ಕ್ರೇನು ನನ್ನನ್ನು ಬಿಡುತ್ತದೆ. ಅವಳಿಗೆ ಆ ಲೆಕ್ಕ ಗೊತ್ತಿತ್ತು. ತಲೆ ಸುತ್ತು ಬಂದಾಗಲೆಲ್ಲ ಲಾಂಡ್ರಿಯ ಮೇಜು ಹಿಡಿದು ನಿಂತು, ಮನೆಗೆ ಬಂದು ನಗುನಗುತ್ತಾ ಸಪ್ಪೆ ಬೇಳೆ ಬಡಿಸಿದ್ದಾಳೆ.

ಆಸ್ಪತ್ರೆಯಿಂದ ಬಂದ ಸಂಜೆ ನಾನು ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಎರಡು ಪಾತ್ರೆ ಇಟ್ಟೆ. ಅವಳು ಮಂಚದಿಂದಲೇ ಸದ್ದು ಕೇಳಿ ಎದ್ದು ಬಂದಳು. ಒಂದು ಪಾತ್ರೆ ಇಳಿಸಿ ಎಂದಳು. ಇಳಿಸಲಿಲ್ಲ. ಇಷ್ಟು ವರ್ಷ ನಡೆಸಿಕೊಂಡು ಬಂದ ಮಾತು ಒಂದು ಹೊಟ್ಟೆಗೋಸ್ಕರ ಮುರಿಯಬೇಕಾ ಎಂದು ಕೇಳಿದಳು. ಮಾತಿನಲ್ಲಿ ಅವಳನ್ನು ನಾನು ಎಂದೂ ಗೆದ್ದವನಲ್ಲ. ಅವತ್ತು ಮಾತ್ರ ಎಲ್ಲಿಂದಲೋ ಮಾತು ಬಂತು.

“ನೋಡು, ಒಂದೇ ಪಾತ್ರೆ ಅಂತ ನೀನು ಹೇಳಿದ್ದು ಯಾರಿಗೂ ಕಮ್ಮಿ ಆಗ್ಬಾರ್ದು ಅಂತ ತಾನೆ? ಈಗ ಆ ಒಂದು ಪಾತ್ರೇಲಿ ನಿಂಗೇ ಕಮ್ಮಿ ಆಗ್ತಾ ಇದೆ.”

ಅವಳು ಎರಡೂ ಪಾತ್ರೆಗಳ ಮುಚ್ಚಳ ತೆಗೆದು ನೋಡಿದಳು.

“ನಾನು ಬೇರೆ ತಿಂದ್ರೆ, ನೀವು ನಿಮ್ದು ಬಿಡಲ್ವಾ?” ಎಂದಳು.

ಬಿಡುವುದಿಲ್ಲ ಎಂದೆ. ಆಣೆ ಹಾಕಿ ಅಭ್ಯಾಸವಿಲ್ಲ, ಹಾಗಾಗಿ ಬರೀ ಬಿಡುವುದಿಲ್ಲ ಎಂದೆ.

ಅವತ್ತಿನಿಂದ ನಮ್ಮ ಊಟ ಹೀಗೆ. ಅವಳ ತಟ್ಟೆಯಲ್ಲಿ ಉಪ್ಪು ಬಿದ್ದ ಬಿಸಿ ಅನ್ನ, ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ. ನನ್ನದರಲ್ಲಿ ನೀನು ಹೇಳಿದ ಸೊಪ್ಪು, ಕಾಳು, ಅಳತೆಯ ಅನ್ನ. ಎದುರು ಬದುರು ಕೂತು ತಿನ್ನುತ್ತೇವೆ. ಸುಳ್ಳು ಯಾಕೆ ಹೇಳಲಿ, ಆ ಆಲೂಗಡ್ಡೆಯ ವಾಸನೆಗೆ ಮೊದಲ ದಿನ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಹುರಿಯುವವನೂ ನಾನೇ, ಚಮಚ ನೆಕ್ಕದೆ ತೊಳೆದಿಡುವವನೂ ನಾನೇ. ಉಪ್ಪು ಸರಿಯಾಗಿದೆಯೇ ಎಂದು ನೋಡಲು ಅವಳನ್ನೇ ಕರೆಯುತ್ತೇನೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ನನಗೆ ಉಪ್ಪು ತಪ್ಪಿತು, ನಿನ್ನ ತಾಯಿ ಉಳಿದಳು, ವ್ಯಾಪಾರದಲ್ಲಿ ಲಾಭ ನನ್ನದೇ. ಅವಳ ಮುಖಕ್ಕೆ ಈಗ ಬಣ್ಣ ಬಂದಿದೆ. ಸೋಮವಾರದಿಂದ ಲಾಂಡ್ರಿಗೆ ಹೋಗುತ್ತಾಳೆ. ಯಜಮಾನಮ್ಮ ಇಸ್ತ್ರಿ ಮೇಜಿನ ಪಕ್ಕ ಒಂದು ಎತ್ತರದ ಸ್ಟೂಲು ಇಡಿಸಿದ್ದಾರಂತೆ.

ಹಾಗಾಗಿ ಭಾಷಣದಲ್ಲಿ ನಮ್ಮ ಮನೆಯನ್ನು ಧಾರಾಳವಾಗಿ ಹೇಳು, ಆದರೆ ಪೂರ್ತಿ ಹೇಳು. ಒಂದೇ ಊಟದಿಂದ ಒಬ್ಬ ಎದ್ದ, ಒಬ್ಬಳು ಬಿದ್ದಳು ಎಂದು ಹೇಳು. ಮೇಷ್ಟ್ರುಗಳು ನಕ್ಕರೆ ನಗಲಿ. ಇಷ್ಟು ದಿನ ಬರೆದದ್ದನ್ನು ಈಗ ತಿದ್ದಬೇಕಲ್ಲ ಎಂದು ನಿನಗೆ ಸಂಕಟವಾಗುತ್ತದೆ, ಗೊತ್ತು. ಆದರೆ ಈ ಮನೆಯಲ್ಲಿ ತನ್ನದೇ ಕಾನೂನನ್ನು ತಿದ್ದಿಕೊಂಡ ಹೆಂಗಸೊಬ್ಬಳಿದ್ದಾಳೆ. ಅವಳ ಮಗಳಿಗೆ ಒಂದು ಭಾಷಣ ತಿದ್ದುವುದು ಯಾವ ಮಹಾ ಕೆಲಸ.

ತಾಯಿ ಮಗಳಿಬ್ಬರನ್ನೂ ನೆನೆದು ಬೀಗುತ್ತಿರುವ,
ನಿನ್ನ ಅಪ್ಪ

ಮರೆತ ಮಾತು: ಮರೆತಿರಲಿಲ್ಲ, ಇದೊಂದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆ. ನಿನ್ನ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ನಾನೂ ಇಲ್ಲಿ ಅಪ್ಪನ ಪಟ್ಟಿಯ ಊಟವನ್ನೇ ಮಾಡುತ್ತಿದ್ದೇನೆ, ದೂರ ಇದ್ದರೂ ನಿಮ್ಮ ಜೊತೆ ಉಂಡ ಹಾಗಿರುತ್ತದೆ ಎಂದು ಬರೆದಿದ್ದೆ. ಜೊತೆಗೆ ನಿನ್ನ ಒಂದು ಫೋಟೋ ಕಳಿಸಿದ್ದೆ. ಅದರಲ್ಲಿ ನಿನ್ನ ಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ಬಂದಿದೆ. ನೀನು ನಗುತ್ತಿದ್ದೀಯ, ನಿಮ್ಮಮ್ಮ ಸಪ್ಪೆ ಬೇಳೆ ಬಡಿಸುವಾಗ ನಗುತ್ತಿದ್ದಳಲ್ಲ, ಅದೇ ನಗು. ಆ ಸಲ ನಾನು ನೋಡಲಿಲ್ಲ, ಈ ಸಲ ನೋಡಿದೆ. ಫೋಟೋವನ್ನು ಅವಳಿಗೆ ಇನ್ನೂ ತೋರಿಸಿಲ್ಲ. ಈ ಪತ್ರ ಕೈ ಸೇರಿದ ದಿನವೇ ಒಬ್ಬ ಡಾಕ್ಟರ ಹತ್ತಿರ ಹೋಗು, ಅವರು ಏನೆಂದರೆಂದು ನನಗೆ ಫೋನು ಮಾಡು, ಆವಾಗ ಅತ್ತರೂ ಪರವಾಗಿಲ್ಲ. ಹೊಟ್ಟೆ ತುಂಬ ತಿನ್ನು ಮಗಳೇ. ನಮ್ಮ ಜೊತೆಗಿರಲು ನೀನು ಹಸಿದಿರಬೇಕಾಗಿಲ್ಲ.